ಕಿರ್ದಿ: ಹ್ಯಾಕೇಜ್ ಸೂಚಿಯನ್ನು ಮಂಡಿಯ ಲೆಕ್ಕದಂತೆ ಓದಿದ ಬಗೆ

ತಿಪಟೂರಿನಲ್ಲಿರುವ ನಮ್ಮ ಭಾವನವರ ಕೊಬ್ಬರಿ ಮಂಡಿಗೆ 2020ರಲ್ಲಿ ನಾನು ಹ್ಯಾಸ್ಕೆಲ್ ಭಾಷೆಯಲ್ಲಿ ತೂಕದ ಚೀಟಿಯ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟಿದ್ದೆ. ರೈತರ ಹೆಸರು, ಚೀಲಗಳ ಎಣಿಕೆ, ತೂಕ ಮತ್ತು ಕ್ವಿಂಟಲಿನ ದರವನ್ನು ನಮೂದಿಸಿದರೆ ಲೆಕ್ಕ ಕೂಡಿ ಕನ್ನಡದಲ್ಲಿ ಚೀಟಿ ಮುದ್ರಿಸುವುದಷ್ಟೇ ಅದರ ಕೆಲಸ. ಕಳೆದ ಮಳೆಗಾಲದಲ್ಲಿ ಮಂಡಿಯ ಕಂಪ್ಯೂಟರಿನ ಡಿಸ್ಕ್ ಕೆಟ್ಟುಹೋಯಿತು. ಹೊಸ ಯಂತ್ರಕ್ಕೆ ಜಿಎಚ್‌ಸಿ 9.6 ಕಂಪೈಲರ್ ಹಾಕಿ ಹಳೆಯ ಕೋಡನ್ನು ಕಟ್ಟಲು ಹೋದಾಗ, ಬೇಕಾದ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಂದು ಜೋಡಿಸುವ ಉಪಕರಣವಾದ ಕ್ಯಾಬಲ್ ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟಿತು. ನಾನು ಬರೆದದ್ದು ಜಿಎಚ್‌ಸಿ 8.10ರ ಕಾಲದಲ್ಲಿ; ಆಗ ಕಂಪೈಲರಿನ ಜೊತೆಯೇ ಬರುವ ಮೂಲ ಲೈಬ್ರರಿಯಾದ ಬೇಸ್ ಪ್ಯಾಕೇಜಿನ ಆವೃತ್ತಿ 4.14 ಆಗಿತ್ತು, 9.6ರ ಜೊತೆ ಬರುವುದು 4.18. ನಡುವಿನ ಪ್ಯಾಕೇಜೊಂದು ತನಗೆ 4.15ಕ್ಕಿಂತ ಕೆಳಗಿನ ಬೇಸ್ ಬೇಕೆಂದು ಬರೆದುಕೊಂಡಿತ್ತು. ಆ ಮಿತಿಯನ್ನು ಸಡಿಲಿಸಿದರೆ ಇನ್ನೊಂದು ಪ್ಯಾಕೇಜ್ ಅಡ್ಡ ಬಂತು, ಅದನ್ನು ಸರಿಪಡಿಸಿದರೆ ಮತ್ತೊಂದು.

ಅಂದಿನ ವ್ಯಾಪಾರ ನಿಲ್ಲಬಾರದೆಂದು, ಕಂಪೈಲರ್ ಸ್ಥಾಪಿಸುವ ಉಪಕರಣವಾದ ಜಿಎಚ್‌ಸಪ್ ಮೂಲಕ 8.10.7ನ್ನೇ ಮತ್ತೆ ಸ್ಥಾಪಿಸಿ, ಉಳಿಸಿಕೊಂಡಿದ್ದ ಫ್ರೀಜ್ ಕಡತದ (ಬಳಸಿದ ಆವೃತ್ತಿಗಳ ಪಟ್ಟಿ) ಆಧಾರದಿಂದ ಹಳೆಯ ಆವೃತ್ತಿಗಳನ್ನೇ ತಂದು ಕಟ್ಟಿಕೊಟ್ಟು ತುಮಕೂರಿಗೆ ಮರಳಿದೆ. ತುರ್ತು ತೀರಿತ್ತು, ರಿಪೇರಿ ಇನ್ನೂ ಆಗಬೇಕಿತ್ತು. ಹೊಸ ಕಂಪೈಲರಿಗೆ ಹೋಗಬೇಕಾದರೆ ನನ್ನ ಅವಲಂಬನೆಗಳ ಮರದಲ್ಲಿ (ನನ್ನ ಕೋಡಿಗೆ ಬೇಕಾದ ಪ್ಯಾಕೇಜುಗಳು, ಅವಕ್ಕೆ ಬೇಕಾದವು, ಹೀಗೆ) ಯಾರು ಯಾರನ್ನು ತಡೆಹಿಡಿದಿದ್ದಾರೆ ಎಂಬುದು ಒಂದೇ ಸಲಕ್ಕೆ, ಪೂರ್ತಿಯಾಗಿ ತಿಳಿಯಬೇಕಿತ್ತು. ಒಂದಕ್ಕೊಂದು ಹೊಂದುವ ಆವೃತ್ತಿಗಳನ್ನು ಹುಡುಕುವ ಕ್ಯಾಬಲ್‌ನ ಸಾಲ್ವರ್ ತಾನು ಎಡವಿದ ಕಲ್ಲನ್ನು ಮಾತ್ರ ತೋರಿಸುತ್ತದೆಯೇ ಹೊರತು ದಾರಿಯಲ್ಲಿರುವ ಎಲ್ಲ ಕಲ್ಲುಗಳನ್ನು ಎಣಿಸಿ ಹೇಳುವುದಿಲ್ಲ, ಏಕೆಂದರೆ ಎಣಿಸುವುದು ಅದರ ಕೆಲಸವಲ್ಲ. ‘ಕ್ಯಾಬಲ್ ಔಟ್‌ಡೇಟೆಡ್’ ಆಜ್ಞೆ ನನ್ನ ನೇರ ಅವಲಂಬನೆಗಳ ಬಗ್ಗೆ ಹೇಳುತ್ತದೆ, ಅವುಗಳ ಹಿಂದಿರುವವರ ಬಗ್ಗೆ ಅಲ್ಲ. ಹ್ಯಾಸ್ಕೆಲ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಹ್ಯಾಕೇಜ್‌ನ ಪುಟಗಳು ಪ್ಯಾಕೇಜಿನ ಹಿಮ್ಮುಖ ಅವಲಂಬನೆಗಳನ್ನು, ಅಂದರೆ ಅದನ್ನು ಯಾರೆಲ್ಲ ಬಳಸುತ್ತಾರೆ ಎಂಬುದನ್ನು ತೋರಿಸುತ್ತವೆ. ಆದರೆ ಹ್ಯಾಕೇಜ್‌ನಲ್ಲಿಲ್ಲದ ನನ್ನ ಮೂರು ಖಾಸಗಿ ಪ್ಯಾಕೇಜುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸ್ವಂತಕ್ಕೊಂದು ಉಪಕರಣ ಕಟ್ಟಲು ನಿರ್ಧರಿಸಿದೆ. ಹೆಸರು ‘ಕಿರ್ದಿ’. ಹೆಸರಿಗೆ ಕಾರಣ ಮುಂದೆ ಬರುತ್ತದೆ.

ಕಿರ್ದಿ ಮತ್ತು ಖಾತೆ

ಹ್ಯಾಕೇಜ್‌ನ ಎಲ್ಲ ಪ್ಯಾಕೇಜುಗಳ ವಿವರಣಾ ಕಡತಗಳು ‘01-ಇಂಡೆಕ್ಸ್’ ಎಂಬ ಒಂದೇ ಟಾರ್ ಕಡತದಲ್ಲಿ (ಹಲವು ಕಡತಗಳ ಕಟ್ಟು) ಇರುತ್ತವೆ. ‘ಕ್ಯಾಬಲ್ ಅಪ್‌ಡೇಟ್’ ಎಂದಾಗ ನಮ್ಮ ಯಂತ್ರಕ್ಕೆ ಇಳಿಯುವುದು ಅದೇ. ಬಿಚ್ಚಿದರೆ ನೂರಾರು ಮೆಗಾಬೈಟ್ ಆಗುವ ಈ ಕಡತದ ವಿಶೇಷವೆಂದರೆ, ಇದರಲ್ಲಿ ಬರೆದದ್ದನ್ನು ಅಳಿಸುವುದಿಲ್ಲ, ಹೊಸದನ್ನು ಕೊನೆಗೆ ಸೇರಿಸುತ್ತಾ ಹೋಗುತ್ತಾರೆ. ಒಂದು ಆವೃತ್ತಿಯ ಮಿತಿಗಳನ್ನು ಆಮೇಲೆ ತಿದ್ದಿದರೆ, ತಿದ್ದಿದ ಕಡತ ಅದೇ ಹೆಸರಿನಲ್ಲಿ ಮತ್ತೊಮ್ಮೆ, ಮುಂದಿನ ಸಮಯದ ಮುದ್ರೆಯೊಂದಿಗೆ ಕೊನೆಯಲ್ಲಿ ಬರುತ್ತದೆ. ಮಂಡಿಯಲ್ಲಿ ಕಿರ್ದಿ ಬರೆಯುವುದು ಹೀಗೆಯೇ. ನಿನ್ನೆಯ ನಮೂದು ತಪ್ಪಿದ್ದರೆ ಅದನ್ನು ಕೆರೆದು ಹಾಕುವಂತಿಲ್ಲ, ಇವತ್ತಿನ ತಾರೀಕಿನಲ್ಲಿ ಸರಿಪಡಿಕೆಯ ನಮೂದು ಬರೆಯಬೇಕು. ಆಯಾ ರೈತರ ಬಾಕಿ ಎಷ್ಟೆಂದು ಕೇಳಿದರೆ ಕಿರ್ದಿಯಿಂದ ಖಾತೆಗೆ ಇಳಿಸಿ ನೋಡಬೇಕು. ನಾನು ಕಟ್ಟಬೇಕಾಗಿದ್ದದ್ದು ಆ ಇಳಿಸುವ ಕೆಲಸವನ್ನೇ: ಟಾರ್ ಕಡತ ಕಿರ್ದಿ, ನನ್ನ ಎಸ್‌ಕ್ಯುಎಲೈಟ್ ಡೇಟಾಬೇಸಿನ ಕೋಷ್ಟಕ ಖಾತೆ.

ಖಾತೆಯ ಅಂಕಣಗಳು ಸರಳವಾಗಿವೆ. ಪ್ಯಾಕೇಜಿನ ಹೆಸರು, ಆವೃತ್ತಿ, ಪರಿಷ್ಕರಣೆಯ ಸಂಖ್ಯೆ, ಭಾಗ (ಲೈಬ್ರರಿಯೋ, ಕಾರ್ಯಕ್ರಮವೋ, ಪರೀಕ್ಷೆಯೋ), ಅದು ಅವಲಂಬಿಸಿರುವ ಪ್ಯಾಕೇಜ್, ಒಪ್ಪುವ ಆವೃತ್ತಿಗಳ ವ್ಯಾಪ್ತಿ, ಮತ್ತು ಆ ಅವಲಂಬನೆ ಷರತ್ತಿಗೆ ಒಳಪಟ್ಟಿದೆಯೇ ಎಂಬ ಗುರುತು. ಅವಲಂಬಿತ ಪ್ಯಾಕೇಜಿನ ಹೆಸರಿನ ಮೇಲೆ ಒಂದು ಇಂಡೆಕ್ಸ್ ಕಟ್ಟಿದರೆ ಹಿಮ್ಮುಖ ಅವಲಂಬನೆಯ ಪ್ರಶ್ನೆ ಒಂದು ಸಾಲಿನ ವಿಚಾರಣೆಯಾಗುತ್ತದೆ, ತನ್ನನ್ನೇ ಕರೆದುಕೊಳ್ಳುವ ವಿಚಾರಣೆಯಿಂದ ಮರದ ಆಳಕ್ಕೂ ಇಳಿಯಬಹುದು.

ವಿವರಣಾ ಕಡತವನ್ನು ಓದಲು ಸ್ವಂತ ಪಾರ್ಸರ್ ಬರೆಯುವ ಮೋಹಕ್ಕೆ ಬೀಳಬಾರದು. ಕ್ಯಾಬಲ್ ಲೈಬ್ರರಿಯೇ ಪಾರ್ಸರನ್ನು ಒದಗಿಸುತ್ತದೆ. ಹ್ಯಾಕೇಜ್‌ನಲ್ಲಿ ಇಂದಿನ ವ್ಯಾಕರಣಕ್ಕೆ ಒಗ್ಗದ ಹಳೆಯ ಕಡತಗಳು ಕೆಲವು ಇವೆ. ಅಂಥವನ್ನು ಗುರುತಿಸಿ ಓದುವ ಮುನ್ನ ತಿದ್ದಿಕೊಳ್ಳಲು ಆ ಲೈಬ್ರರಿಯೊಳಗೆ ‘ಕ್ವರ್ಕ್ಸ್’ ಎಂಬ ಮಾಡ್ಯೂಲ್ ಒಂದಿದೆ. ಬೇರೆಯವರು ವರ್ಷಗಟ್ಟಲೆ ಅನುಭವಿಸಿದ ಕಷ್ಟ ಅಲ್ಲಿ ಪಟ್ಟಿಯಾಗಿ ಕುಳಿತಿದೆ, ಅದನ್ನು ನಾವು ಮತ್ತೆ ಅನುಭವಿಸಬೇಕಾಗಿಲ್ಲ.

ಮೊದಲ ಸಂಜೆಯ ಪ್ರೋಗ್ರಾಂ ನಾಲ್ಕು ಗಿಗಾಬೈಟ್ ನೆನಪಿರುವ ನನ್ನ ಲ್ಯಾಪ್‌ಟಾಪನ್ನು ಉಸಿರುಗಟ್ಟಿಸಿತು. ತಪ್ಪು ಎರಡು ಕಡೆ ಇತ್ತು, ಎರಡೂ ಹ್ಯಾಸ್ಕೆಲ್ಲಿನ ಸೋಮಾರಿ ಗಣನೆಗೆ (ಬೇಕಾಗುವವರೆಗೆ ಲೆಕ್ಕ ಮಾಡದಿರುವ ರೀತಿಗೆ) ಸಂಬಂಧಿಸಿದವು. ಕೆಲಸ ನೂರಕ್ಕೆ ಎಷ್ಟು ಮುಗಿದಿದೆ ಎಂದು ತೋರಿಸಬೇಕೆಂಬ ಆಸೆಯಿಂದ ನಾನು ಮೊದಲು ಟಾರ್ ನಮೂದುಗಳ ಒಟ್ಟು ಸಂಖ್ಯೆಯನ್ನು ಎಣಿಸಿ, ಬಳಿಕ ಅದೇ ಪಟ್ಟಿಯನ್ನು ಸಂಸ್ಕರಿಸಲು ಕೊಟ್ಟಿದ್ದೆ. ಸೋಮಾರಿಯಾಗಿ ಓದುವ ಪಟ್ಟಿ ಒಂದೇ ಸಲ ಬಳಕೆಯಾದರೆ ಓದಿದ ಭಾಗ ಹಿಂದೆ ಹಿಂದೆಯೇ ಬಿಡುಗಡೆಯಾಗುತ್ತದೆ. ಎರಡು ಸಲ ಬೇಕೆಂದರೆ, ಎರಡನೆಯ ಸಲಕ್ಕಾಗಿ ಇಡೀ ಪಟ್ಟಿ ನೆನಪಿನಲ್ಲೇ ಕುಳಿತಿರುತ್ತದೆ. ಎಣಿಕೆಯನ್ನು ಕೈಬಿಟ್ಟು, ಪ್ರಗತಿಯ ಸೂಚನೆಗೆ ಆಯಾ ನಮೂದಿನ ತಾರೀಕನ್ನೇ ತೋರಿಸಿದೆ. ನಮೂದುಗಳು ಕಾಲಕ್ರಮದಲ್ಲಿರುವುದರಿಂದ ವರ್ಷಗಳು ಒಂದೊಂದಾಗಿ ಕಣ್ಣಮುಂದೆ ಸರಿಯುತ್ತವೆ, ಶೇಕಡಾವಾರಿಗಿಂತ ಅದೇ ಚೆನ್ನಾಗಿದೆ. ಎರಡನೆಯದು, ಪಾರ್ಸ್ ಮಾಡಿದ ಫಲವನ್ನು ಮ್ಯಾಪ್‌ನಲ್ಲಿ ಇಡುವಾಗ ಅದನ್ನು ಪೂರ್ತಿ ಗಣಿಸದೆ ಇಟ್ಟಿದ್ದೆ. ಇನ್ನೂ ಗಣಿಸದ ಪ್ರತಿಯೊಂದು ಮೌಲ್ಯವೂ ತನ್ನ ಮೂಲ ಕಡತದ ಬೈಟುಗಳನ್ನು ಬಿಡದೆ ಹಿಡಿದುಕೊಂಡಿತ್ತು. ಮ್ಯಾಪ್‌ನ ಕಟ್ಟುನಿಟ್ಟಿನ ರೂಪವನ್ನು ಬಳಸಿ, ಇಡುವ ಮುನ್ನ ಮೌಲ್ಯವನ್ನು ಆಳದವರೆಗೆ ಗಣಿಸಿಟ್ಟ ಮೇಲೆ ನೆನಪಿನ ಬಳಕೆ ಸಮತಟ್ಟಾಯಿತು.

ವೇಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೊದಲ ಸುತ್ತಿನಲ್ಲಿ ಪ್ರತಿಯೊಂದು ಹೆಸರಿನ ಕೊನೆಯ ನಮೂದು ಕಡತದ ಎಷ್ಟನೆಯ ಬ್ಲಾಕಿನಲ್ಲಿದೆ ಎಂದಷ್ಟೇ ಗುರುತು ಹಾಕಿಕೊಂಡು, ಎರಡನೆಯ ಸುತ್ತಿನಲ್ಲಿ ಆ ಜಾಗಗಳಿಗೆ ಮಾತ್ರ ಹೋಗಿ ಪಾರ್ಸ್ ಮಾಡಿದರೆ, ಹಳತಾದ ಪರಿಷ್ಕರಣೆಗಳನ್ನು ಓದುವ ಶ್ರಮ ಉಳಿಯುತ್ತದೆ.

ದಿನವೂ ಇಡೀ ಕಡತವನ್ನು ಓದುವ ಅಗತ್ಯವೂ ಇಲ್ಲ, ನಿನ್ನೆ ನಿಲ್ಲಿಸಿದಲ್ಲಿಂದ ಮುಂದುವರಿದರೆ ಸಾಕು. ಇಲ್ಲಿ ನಾನು ಒಂದು ಇಡೀ ಭಾನುವಾರ ಕಳೆದುಕೊಂಡೆ. ಓದಿ ಮುಗಿಸಿದಾಗ ಕಡತದ ಉದ್ದವನ್ನು ಬರೆದಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಆರಂಭಿಸಿದರೆ, ಶಿರೋಭಾಗದ ಚೆಕ್‌ಸಮ್ ತಪ್ಪಾಗಿದೆ ಎಂಬ ದೂರು. ಟಾರ್ ಕಡತದ ಪ್ರತಿ ಬ್ಲಾಕ್ 512 ಬೈಟು. ಕೊನೆಯಲ್ಲಿ ಸಮಾಪ್ತಿಯ ಗುರುತಾಗಿ ಎರಡು ಖಾಲಿ ಬ್ಲಾಕುಗಳು, ಅಂದರೆ 1024 ಸೊನ್ನೆ ಬೈಟುಗಳು ಇರುತ್ತವೆ. ಹೊಸ ನಮೂದು ಬರೆಯುವಾಗ ಆ ಸೊನ್ನೆಗಳ ಜಾಗದಿಂದಲೇ ಬರೆದು, ಸೊನ್ನೆಗಳನ್ನು ಮತ್ತೆ ಕೊನೆಗೆ ಹಾಕುತ್ತಾರೆ. ಹೀಗಾಗಿ ನಾನು ಪ್ರತಿದಿನ 1024 ಬೈಟು ಮುಂದಕ್ಕೆ ಹಾರಿ, ಯಾವುದೋ ಕಡತದ ಹೊಟ್ಟೆಯಲ್ಲಿ ಇಳಿಯುತ್ತಿದ್ದೆ. ಈಗ ಸಮಾಪ್ತಿಗೆ ಮುಂಚಿನ ಜಾಗವನ್ನು ಗುರುತಿಟ್ಟುಕೊಳ್ಳುತ್ತೇನೆ, ಜೊತೆಗೆ ಕೊನೆಯ ನಮೂದಿನ ಶಿರೋಭಾಗದ ಹ್ಯಾಷ್ (ಅದರ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ಕೂಡ. ಮರುದಿನ ಆ ಹ್ಯಾಷ್ ತಾಳೆಯಾಗದಿದ್ದರೆ ಯಾವ ವಾದಕ್ಕೂ ಇಳಿಯದೆ ಮೊದಲಿನಿಂದ ಓದುತ್ತದೆ. ಒಂದು ಸಂಜೆ ಓದುವ ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯೂ ಕೈಕೊಟ್ಟಿತು. ಜಾಗದ ಗುರುತು ಮತ್ತು ಖಾತೆಯ ಸಾಲುಗಳು ಡೇಟಾಬೇಸಿನ ಒಂದೇ ವಹಿವಾಟಿನೊಳಗೆ (ಬರೆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ) ಬರೆಯಲ್ಪಡುತ್ತಿದ್ದುದರಿಂದ ಎರಡೂ ಹಿಂದಿನ ಸ್ಥಿತಿಯಲ್ಲೇ ಉಳಿದಿದ್ದವು.

ಸುಳ್ಳು ವರದಿಗಳು

ಫ್ರೀಜ್ ಕಡತದಲ್ಲಿ ನನ್ನ ಮರದ 71 ಪ್ಯಾಕೇಜುಗಳ ಪಟ್ಟಿಯಿತ್ತು. ಪ್ರತಿಯೊಂದರ ಇತ್ತೀಚಿನ ಆವೃತ್ತಿಯನ್ನು ತೆಗೆದುಕೊಂಡು, ಅದರ ಮಿತಿಗಳು ಜಿಎಚ್‌ಸಿ 9.6ರ ಜೊತೆ ಬರುವ ಪ್ಯಾಕೇಜುಗಳನ್ನೂ ಪಟ್ಟಿಯಲ್ಲಿರುವ ಉಳಿದವುಗಳ ಇತ್ತೀಚಿನ ಆವೃತ್ತಿಗಳನ್ನೂ ಒಪ್ಪುತ್ತವೆಯೇ ಎಂದು ಕೇಳಿದೆ. ಸಾಲ್ವರ್ ಮಾಡುವ ಕೆಲಸವನ್ನು ಇದು ಮಾಡುವುದಿಲ್ಲ, ಮಾಡಬೇಕೆಂಬ ಆಸೆಯೂ ನನಗಿಲ್ಲ. ಅಡ್ಡಿಗಳ ಪಟ್ಟಿ ಸಿಕ್ಕರೆ ಸಾಕಿತ್ತು.

ಮೊದಲ ಉತ್ತರವೇ ಹಾಸ್ಯಾಸ್ಪದವಾಗಿತ್ತು. ಬೈಟ್‌ಸ್ಟ್ರಿಂಗ್ ಪ್ಯಾಕೇಜಿನ ಇತ್ತೀಚಿನ ಆವೃತ್ತಿ 0.9.2.1 ಎಂದು ವರದಿ ಹೇಳಿತು. ಆವೃತ್ತಿಯನ್ನು ಅಕ್ಷರಗಳ ಸಾಲಾಗಿ ಇಟ್ಟಿದ್ದೆ. ಅಕ್ಷರಗಳ ಲೆಕ್ಕದಲ್ಲಿ 0.9 ಎಂಬುದು 0.10 ಮತ್ತು 0.11ಕ್ಕಿಂತ ದೊಡ್ಡದು. ಆವೃತ್ತಿಯ ಪ್ರತಿಯೊಂದು ಅಂಕಿಯನ್ನೂ ಮುಂದೆ ಸೊನ್ನೆ ತುಂಬಿ ಸಮ ಅಗಲಕ್ಕೆ ತಂದ ಇನ್ನೊಂದು ಅಂಕಣ ಸೇರಿಸಿದ ಮೇಲೆ ಸರಿಯಾಯಿತು. ಇದು ಎಲ್ಲರೂ ಒಮ್ಮೆ ಬೀಳುವ ಹಳ್ಳ, ಹೆಚ್ಚು ಹೇಳುವುದಿಲ್ಲ.

ಮುಂದಿನ ವರದಿ 16 ಅಡ್ಡಿಗಳನ್ನು ತೋರಿಸಿತು. ಅದನ್ನು ನಂಬಿ ಕೆಲಸ ಶುರುಮಾಡಿದರೆ ನಾಲ್ಕು ಕಡೆ ಕ್ಯಾಬಲ್ ಯಾವ ತಕರಾರೂ ಇಲ್ಲದೆ ಹೊಸ ಬೇಸನ್ನು ಒಪ್ಪಿಕೊಂಡಿತು. ನನ್ನ ಖಾತೆಯಲ್ಲಿ ‘ತಡೆ’, ಕ್ಯಾಬಲ್‌ನ ಲೆಕ್ಕದಲ್ಲಿ ‘ಸರಿ’. ಕಾರಣ ಹುಡುಕಲು ಸಾಕಷ್ಟು ಹೊತ್ತು ಹಿಡಿಯಿತು, ಸಿಕ್ಕಾಗ ನಾಚಿಕೆಯೂ ಆಯಿತು. ಹೆಸರು ಮತ್ತು ಆವೃತ್ತಿಯನ್ನು ಕೋಷ್ಟಕದ ಮುಖ್ಯ ಕೀಲಿಯಾಗಿ ಮಾಡಿ, ಅದೇ ಕೀಲಿಯ ಸಾಲು ಈಗಾಗಲೇ ಇದ್ದರೆ ಹೊಸದನ್ನು ಕಡೆಗಣಿಸು ಎಂದು ಬರೆದಿದ್ದೆ. ಅಂದರೆ ಪ್ರತಿಯೊಂದು ಆವೃತ್ತಿಯ ಮೊಟ್ಟಮೊದಲ ಕಡತವೇ ಖಾತೆಯಲ್ಲಿ ಉಳಿದು, ಆಮೇಲಿನ ತಿದ್ದುಪಡಿಗಳೆಲ್ಲ ಹೊರಗೆ ಬಿದ್ದಿದ್ದವು. ಸರಿಪಡಿಕೆಯ ನಮೂದನ್ನು ಬಿಟ್ಟು ಮೂಲ ನಮೂದನ್ನು ಮಾತ್ರ ಖಾತೆಗೆ ಇಳಿಸುವ ಗುಮಾಸ್ತನನ್ನು ಯಾವ ಮಂಡಿಯಲ್ಲೂ ಎರಡು ದಿನ ಇಟ್ಟುಕೊಳ್ಳುವುದಿಲ್ಲ.

ಹ್ಯಾಕೇಜ್‌ನ ಈ ಪರಿಷ್ಕರಣೆ ವ್ಯವಸ್ಥೆ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಒಮ್ಮೆ ಪ್ರಕಟಿಸಿದ ಆವೃತ್ತಿಯ ಮೂಲ ಕೋಡನ್ನು ಬದಲಿಸಲಾಗದು, ಆದರೆ ವಿವರಣಾ ಕಡತದಲ್ಲಿರುವ ಅವಲಂಬನೆಯ ಮಿತಿಗಳನ್ನು ಆಮೇಲೂ ತಿದ್ದಬಹುದು. ಪ್ಯಾಕೇಜಿನ ಪಾಲಕರು ತಿದ್ದಬಹುದು. ಅವರಿಂದ ಉತ್ತರ ಬಾರದಿದ್ದರೆ ಹ್ಯಾಕೇಜ್‌ನ ಟ್ರಸ್ಟಿಗಳೂ ತಿದ್ದಬಹುದು. ಮೇಲ್ಮಿತಿ ಎಂದರೆ ಭವಿಷ್ಯದ ಬಗ್ಗೆ ಮಾಡಿದ ಊಹೆ. ಊಹೆ ತಪ್ಪಾದಾಗ ಇಡೀ ಪ್ಯಾಕೇಜನ್ನು ಮರುಪ್ರಕಟಿಸುವ ಬದಲು ಊಹೆಯನ್ನಷ್ಟೇ ತಿದ್ದುವುದು ನನಗೆ ವಿವೇಕದ ಮಾತಾಗಿ ಕಾಣುತ್ತದೆ. ಇದರ ಬೆಲೆಯೆಂದರೆ, ಆವೃತ್ತಿಯ ಸಂಖ್ಯೆಯೊಂದನ್ನೇ ಹೇಳಿದರೆ ಸಾಲದು, ಎಷ್ಟನೆಯ ಪರಿಷ್ಕರಣೆ ಎಂಬುದನ್ನೂ ಹೇಳಬೇಕು. ಕಿರ್ದಿ ಈಗ ಎಲ್ಲ ಪರಿಷ್ಕರಣೆಗಳ ತಾರೀಕನ್ನೂ ಇಟ್ಟುಕೊಂಡು, ಉತ್ತರಕ್ಕೆ ಮಾತ್ರ ಕೊನೆಯದನ್ನು ಬಳಸುತ್ತದೆ. ಅಡ್ಡಿಗಳು 16ರಿಂದ 12ಕ್ಕೆ ಇಳಿದವು.

ಷರತ್ತುಗಳ ತೊಡಕೂ ಇತ್ತು. ಹಳೆಯ ಕಂಪೈಲರಿಗೆ ಮಾತ್ರ ಬೇಕಾಗುವ ಪ್ಯಾಕೇಜುಗಳನ್ನು ಲೇಖಕರು ಷರತ್ತಿನೊಳಗೆ ಬರೆಯುತ್ತಾರೆ, ಉದಾಹರಣೆಗೆ ಜಿಎಚ್‌ಸಿ 8.0ಕ್ಕಿಂತ ಕೆಳಗಿದ್ದರೆ ಸೆಮಿಗ್ರೂಪ್ಸ್ ಬೇಕು ಎಂದು. ಕಡತವನ್ನು ಕುರುಡಾಗಿ ಓದಿದರೆ ಅದೂ ಅವಲಂಬನೆಯೇ ಎಂದು ದಾಖಲಾಗುತ್ತದೆ. ಕಂಪೈಲರ್, ಯಂತ್ರ ಮತ್ತು ಫ್ಲ್ಯಾಗುಗಳನ್ನು ಕೊಟ್ಟು ಷರತ್ತುಗಳನ್ನು ಬಿಡಿಸುವ ಫಂಕ್ಷನ್ ಕ್ಯಾಬಲ್ ಲೈಬ್ರರಿಯಲ್ಲೇ ಇರುವುದರಿಂದ, ನನ್ನ 71ರ ಮಟ್ಟಿಗೆ ಅದನ್ನು ಬಳಸಿದೆ. ಇಡೀ ಹ್ಯಾಕೇಜ್‌ನ ಹಿಮ್ಮುಖ ಲೆಕ್ಕಕ್ಕೆ ಮಾತ್ರ ಬಿಡಿಸದೆ, ಷರತ್ತಿದೆ ಎಂಬ ಗುರುತಿನೊಂದಿಗೆ ಉಳಿಸಿಕೊಂಡೆ, ಏಕೆಂದರೆ ನನ್ನ ಲಿನಕ್ಸ್ ಯಂತ್ರದಲ್ಲಿ ಕಾಣದ ಅವಲಂಬನೆ ವಿಂಡೋಸ್ ಬಳಸುವವರಿಗೆ ನಿಜವಾದದ್ದೇ ಆಗಿರುತ್ತದೆ. ಅಂದಹಾಗೆ, ಹಿಮ್ಮುಖ ಲೆಕ್ಕದಲ್ಲಿ ‘ಆಕ್ಮಿ-ಎವೆರಿಥಿಂಗ್’ ಎಂಬ ಹೆಸರು ಕಂಡರೆ ಹಿಗ್ಗಬೇಕಾಗಿಲ್ಲ. ಹ್ಯಾಕೇಜ್‌ನಲ್ಲಿರುವುದನ್ನೆಲ್ಲ ಅವಲಂಬಿಸುವುದಕ್ಕೆಂದೇ ಯಾರೋ ತಮಾಷೆಗೆ ಮಾಡಿದ ಪ್ಯಾಕೇಜ್ ಅದು. ನನ್ನ ಪುಟ್ಟ ಪ್ಯಾಕೇಜಿಗೂ ಒಬ್ಬ ಹೊಸ ಬಳಕೆದಾರ ಸಿಕ್ಕಿದ್ದಾನೆಂದು ಅರ್ಧ ಗಂಟೆ ಸಂತೋಷಪಟ್ಟಿದ್ದೆ.

ಡಬ್ಬಿಗಳು

12 ಅಡ್ಡಿಗಳಲ್ಲಿ ಒಂಬತ್ತು ಬೇರೆಯವರ ಪ್ಯಾಕೇಜುಗಳು, ಮೂರು ನನ್ನವು. ಬೇರೆಯವರ ಒಂಬತ್ತಕ್ಕೆ ಪ್ರಾಜೆಕ್ಟ್ ಕಡತದಲ್ಲಿ ‘ಅಲೌ-ನ್ಯೂಯರ್’ ಸಾಲುಗಳನ್ನು ಬರೆದೆ. ಒಂದು ಪ್ಯಾಕೇಜಿನ ಒಂದು ಮೇಲ್ಮಿತಿಯನ್ನಷ್ಟೇ ಕಡೆಗಣಿಸು ಎಂದು ಹೆಸರಿಟ್ಟು ಬರೆಯಬಹುದು. ಎಲ್ಲವನ್ನೂ ಸಾರಾಸಗಟಾಗಿ ಕಡೆಗಣಿಸು ಎಂದೂ ಬರೆಯಬಹುದು, ಆದರೆ ಅದು ಸಾಲ ಎಷ್ಟೆಂದು ತಿಳಿಯದೆ ಜಾಮೀನು ಹಾಕಿದಂತೆ. ಒಂಬತ್ತರಲ್ಲಿ ಎಂಟು ಹಾಗೆಯೇ ಕಟ್ಟಿಕೊಂಡವು. ಒಂದು ನಿಂತಿತು. 2022ರಲ್ಲಿ ಬಂದ ಎಂಟಿಎಲ್ ಲೈಬ್ರರಿಯ 2.3 ಆವೃತ್ತಿ ತನ್ನ ಮಾಡ್ಯೂಲುಗಳಿಂದ ಕಂಟ್ರೋಲ್ ಮೊನಾಡ್ ಎಂಬ ಬೇರೆ ಮಾಡ್ಯೂಲಿನ ಹೆಸರುಗಳನ್ನು ಮರುರಫ್ತು ಮಾಡುವುದನ್ನು ನಿಲ್ಲಿಸಿದ್ದರಿಂದ ‘ವೆನ್’, ‘ಅನ್‌ಲೆಸ್’ ಮುಂತಾದವು ಸಿಗದಾಗಿದ್ದವು. ಒಂದು ಆಮದು ಸಾಲನ್ನು ಸೇರಿಸಿ ತಿದ್ದುಪಡಿಯನ್ನು ಪಾಲಕರಿಗೆ ಕಳಿಸಿದೆ.

ನನ್ನ ಮೂರರಲ್ಲಿ ಒಂದಕ್ಕೆ ಅದೇ ಎಂಟಿಎಲ್ ಕಾಯಿಲೆ. ಇನ್ನೊಂದು ಜೇಸನ್ ರೂಪದ ದತ್ತಾಂಶ ಓದುವ ಏಸನ್ ಪ್ಯಾಕೇಜಿಗೆ ಸಂಬಂಧಿಸಿದ್ದು. 2021ರಲ್ಲಿ ಏಸನ್ 2.0 ಬಂದಾಗ, ದುರುದ್ದೇಶದಿಂದ ರಚಿಸಿದ ಕೀಲಿಗಳಿಂದ ಹ್ಯಾಷ್ ಕೋಷ್ಟಕವನ್ನು ನಿಧಾನಗೊಳಿಸಿ ಸರ್ವರನ್ನೇ ಮಲಗಿಸಬಹುದಾದ ದೋಷವನ್ನು ತಡೆಯಲು ಹ್ಯಾಷ್‌ಮ್ಯಾಪನ್ನು ಬಿಟ್ಟು ಕೀಮ್ಯಾಪ್ ಎಂಬ ಹೊಸ ವಿಧವನ್ನು ತಂದಿದ್ದರು. ಕಂಪೈಲರ್ ಪ್ರತಿಯೊಂದು ತಪ್ಪನ್ನೂ ಬೆರಳಿಟ್ಟು ತೋರಿಸಿತು, ಒಂದು ಸಂಜೆಯ ಕೆಲಸ. ಮೂರನೆಯದು ಚೀಟಿ ಮುದ್ರಿಸುವ ಪ್ಯಾಕೇಜ್. ಅದರಲ್ಲಿ, ಪಠ್ಯವನ್ನು ಇಟ್ಟುಕೊಳ್ಳುವ ಟೆಕ್ಸ್ಟ್ ಪ್ಯಾಕೇಜಿಗೆ 1.3ಕ್ಕಿಂತ ಕೆಳಗೆ ಎಂಬ ಮೇಲ್ಮಿತಿ ಬರೆದಿದ್ದೆ, 9.6ರ ಜೊತೆ ಬರುವುದು ಟೆಕ್ಸ್ಟ್ 2.0. ಮಿತಿಯನ್ನು ತೆಗೆದೆ, ಯಾವ ದೂರೂ ಇಲ್ಲದೆ ಕಟ್ಟಿತು. ಸಂತೋಷದಿಂದ ಮಂಡಿಯ ಯಂತ್ರಕ್ಕೆ ಹಾಕಿಬಿಟ್ಟೆ.

ಮರುದಿನ ಹತ್ತೂವರೆಗೆ ಭಾವನವರಿಂದ ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಬಂತು, ಹಿಂದೆಯೇ ಫೋನು. “ಏನಪ್ಪಾ ಇದು, ಹೆಸರಿರೋ ಜಾಗದಲ್ಲೆಲ್ಲ ಬರೀ ಡಬ್ಬಿ ಡಬ್ಬಿ ಬಂದವೆ? ರೈತರು ಇದನ್ನ ಹಿಡ್ಕೊಂಡು ನಗ್ತಾವ್ರೆ.” ಅಂಕಿಗಳೆಲ್ಲ ಸರಿಯಾಗಿದ್ದವು, ಏಕೆಂದರೆ ಅವನ್ನು ಪ್ರಿಂಟರ್ ತನ್ನ ಸ್ವಂತ ಅಕ್ಷರಗಳಲ್ಲಿ ಮುದ್ರಿಸುತ್ತದೆ. ಕನ್ನಡ ಆ ಥರ್ಮಲ್ ಪ್ರಿಂಟರಿಗೆ ಬಾರದ ಕಾರಣ, ಕನ್ನಡದ ಸಾಲುಗಳನ್ನು ಹಾರ್ಫ್‌ಬಜ್ ಲೈಬ್ರರಿಯಿಂದ ಜೋಡಿಸಿ, ಚಿತ್ರವಾಗಿ ಬಿಡಿಸಿ ಕಳಿಸುವ ಒಂದಿಷ್ಟು ಸಿ ಕೋಡ್ ಬರೆದಿದ್ದೆ. “ಇವತ್ತೊಂದಿನ ಹಳೇದನ್ನೇ ಓಡಿಸಿ ಭಾವ, ಸಾಯಂಕಾಲದೊಳಗೆ ಸರಿಮಾಡ್ತೀನಿ” ಎಂದು ಹೇಳಿ ಕುಳಿತೆ.

ಟೆಕ್ಸ್ಟ್ ಪ್ಯಾಕೇಜ್ 2.0ರವರೆಗೆ ಅಕ್ಷರಗಳನ್ನು ಒಳಗೆ ಯುಟಿಎಫ್-16 ಎಂಬ ಕ್ರಮದ ಬೈಟುಗಳಲ್ಲಿ ಇಡುತ್ತಿತ್ತು, 2021ರ ಕೊನೆಯಲ್ಲಿ ಬಂದ 2.0 ಅದನ್ನು ಯುಟಿಎಫ್-8ಕ್ಕೆ ಬದಲಿಸಿತು. ಸಾಮಾನ್ಯ ಕೋಡಿಗೆ ಇದರ ಸುಳಿವೂ ಸಿಗುವುದಿಲ್ಲ. ನನ್ನ ಕೋಡ್ ಮಾತ್ರ ಟೆಕ್ಸ್ಟಿನ ಹೊಟ್ಟೆಗೆ ಕೈಹಾಕಿ, ಒಳಗಿನ ಬೈಟುಗಳ ವಿಳಾಸವನ್ನು ನೇರವಾಗಿ ಸಿ ಕೋಡಿಗೆ ಕೊಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಆ ವಿಳಾಸದ ವಿಧವೂ ಉದ್ದದ ವಿಧವೂ ಬದಲಾಗಿವೆ, ಹಾಗಾಗಿ ಕಂಪೈಲರ್ ತಡೆಯಬೇಕಿತ್ತು. ಆದರೆ ವಿಳಾಸದ ವಿಧವನ್ನು ಬಲವಂತವಾಗಿ ಬದಲಿಸುವ ಕರೆಯನ್ನೂ, ಉದ್ದವನ್ನು ಯಾವ ಪೂರ್ಣಾಂಕಕ್ಕಾದರೂ ಪರಿವರ್ತಿಸುವ ಕರೆಯನ್ನೂ 2020ರಲ್ಲಿ ನಾನೇ ಬರೆದು, ಕಂಪೈಲರಿನ ಬಾಯಿ ಕಟ್ಟಿದ್ದೆ. ‘ಕೊಬ್ಬರಿ’ ಎಂಬ ಪದದಲ್ಲಿ ಯುನಿಕೋಡಿನ ಏಳು ಸಂಕೇತಗಳಿವೆ. ಯುಟಿಎಫ್-16ರಲ್ಲಿ ಅದು ಎರಡೆರಡು ಬೈಟಿನ ಏಳು ಘಟಕ, ಒಟ್ಟು 14 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು, ಒಟ್ಟು 21. ನನ್ನ ಸಿ ಕೋಡ್ 21 ಎಂಬ ಉದ್ದವನ್ನು 21 ಘಟಕಗಳೆಂದು ತಿಳಿದು 42 ಬೈಟು ಓದುತ್ತಿತ್ತು. ಅರ್ಧ ತಪ್ಪು ಸಂಕೇತ, ಇನ್ನರ್ಧ ಪಕ್ಕದ ಮನೆಯ ನೆನಪು. ಆ ಸಂಕೇತಗಳಿಗೆ ಕನ್ನಡ ಫಾಂಟಿನಲ್ಲಿ ರೂಪವಿಲ್ಲದ್ದರಿಂದ ಖಾಲಿ ಚೌಕಗಳು ಮುದ್ರಣವಾಗಿದ್ದವು. ಪ್ರೋಗ್ರಾಂ ಕುಸಿದುಬೀಳದೆ ಡಬ್ಬಿಗಳಲ್ಲೇ ಮುಗಿದದ್ದು ಅದೃಷ್ಟ. ಹಾರ್ಫ್‌ಬಜ್‌ನಲ್ಲಿ ಯುಟಿಎಫ್-16ಕ್ಕೂ ಯುಟಿಎಫ್-8ಕ್ಕೂ ಬೇರೆ ಬೇರೆ ಫಂಕ್ಷನ್‌ಗಳಿವೆ. ಮೊದಲನೆಯದರ ಜಾಗದಲ್ಲಿ ಎರಡನೆಯದನ್ನು ಕರೆದು, ಬಲವಂತದ ಪರಿವರ್ತನೆಗಳನ್ನು ಕಿತ್ತುಹಾಕಿ, ಕೆಳಮಿತಿಯನ್ನು 2.0 ಎಂದು ಬರೆದ ಮೇಲೆ ಹೆಸರುಗಳು ಮರಳಿ ಬಂದವು.

ಇದರಿಂದ ಉಪಕರಣದ ರೂಪವೇ ಬದಲಾಯಿತು. ಅಲ್ಲಿಯವರೆಗೆ ಕಿರ್ದಿಯ ದೃಷ್ಟಿಯಲ್ಲಿ ಎಲ್ಲ ಮೇಲ್ಮಿತಿಗಳೂ ಒಂದೇ ತೂಕದವು, ನನ್ನ ದೃಷ್ಟಿಯಲ್ಲಿ ಎಲ್ಲವೂ ಅತಿ ಎಚ್ಚರಿಕೆಯ ಕಿರಿಕಿರಿಗಳು. ಎಂಟು ಪ್ಯಾಕೇಜುಗಳ ಮಟ್ಟಿಗೆ ಅದು ಹೌದು. ಒಂಬತ್ತನೆಯದರಲ್ಲೂ ನನ್ನ ಮೊದಲೆರಡರಲ್ಲೂ ಮಿತಿ ನಿಜ ಹೇಳುತ್ತಿತ್ತು, ಆದರೆ ಮಿತಿಯನ್ನು ಕಡೆಗಣಿಸಿದರೂ ಕಂಪೈಲರ್ ಹಿಡಿಯುತ್ತಿತ್ತು. ಕೊನೆಯದರಲ್ಲಿ ಮಿತಿಯೊಂದೇ ಕಾವಲಿಗಿತ್ತು, ಅದನ್ನೂ ನಾನೇ ಕಳಿಸಿಬಿಟ್ಟೆ. ಈಗ ಒಂದು ಪ್ಯಾಕೇಜಿನಲ್ಲಿ ಸಿ ಕಡತಗಳಿದ್ದರೆ (ವಿವರಣಾ ಕಡತದಲ್ಲೇ ಅದರ ಪಟ್ಟಿ ಇರುತ್ತದೆ), ಅಥವಾ ಅದರ ಮೂಲದಲ್ಲಿ ‘ಇಂಟರ್ನಲ್’, ‘ಫಾರಿನ್’, ‘ಅನ್‌ಸೇಫ್’ ಎಂಬ ಹೆಸರಿನ ಮಾಡ್ಯೂಲುಗಳ ಆಮದು ಕಂಡರೆ, ಅದರ ಮೇಲ್ಮಿತಿಯನ್ನು ಕಿರ್ದಿ ಬೇರೆ ಗುಂಪಿಗೆ ಹಾಕುತ್ತದೆ. ಆ ಗುಂಪಿನ ಮಿತಿಯನ್ನು ಸಡಿಲಿಸಬೇಕಾದರೆ, ಏನನ್ನು ಓಡಿಸಿ ಏನನ್ನು ಕಣ್ಣಾರೆ ನೋಡಿದೆ ಎಂದು ನಾನು ಒಂದು ಸಾಲು ಬರೆಯಲೇಬೇಕು. ಬರೆಯದಿದ್ದರೆ ವರದಿಯಲ್ಲಿ ಅದು ‘ತಡೆ’ ಎಂದೇ ಉಳಿಯುತ್ತದೆ. ಮುದ್ರಣದ ಪ್ಯಾಕೇಜಿನ ಮುಂದೆ ಈಗ ಇರುವ ಸಾಲು: ‘ಒತ್ತಕ್ಷರವಿರುವ ಹತ್ತು ಹೆಸರುಗಳ ಚೀಟಿ ಮುದ್ರಿಸಿ ಓದಿದೆ.’

ನನ್ನ ಮೇಲೆ ನಿಂತವರು

ಇಷ್ಟು ಹೊತ್ತು ಹೇಳಿದ್ದು ನಾನು ಯಾರ ಮೇಲೆ ನಿಂತಿದ್ದೇನೆ ಎಂಬ ಲೆಕ್ಕ. ಲಕ್ಷ-ಕೋಟಿಗಳ ಕ್ರಮದಲ್ಲಿ ಅಲ್ಪವಿರಾಮ ಹಾಕಿ ಸಂಖ್ಯೆ ಬರೆಯುವ ಪುಟ್ಟ ಪ್ಯಾಕೇಜೊಂದನ್ನು ನಾನು ಹ್ಯಾಕೇಜ್‌ನಲ್ಲಿ ಇಟ್ಟಿದ್ದೇನೆ. ಕಿರ್ದಿಯನ್ನು ತಿರುಗಿಸಿ ಕೇಳಿದಾಗ ಮೂರು ಪ್ಯಾಕೇಜುಗಳು ಅದರ ಮೇಲೆ ನಿಂತಿರುವುದು ತಿಳಿಯಿತು. ಅದರ ಮುಖ್ಯ ಫಂಕ್ಷನ್ ಮರಳಿಸುವ ವಿಧವನ್ನು ಸ್ಟ್ರಿಂಗಿನಿಂದ ಟೆಕ್ಸ್ಟಿಗೆ ಬದಲಿಸುವ ಯೋಚನೆ ನನಗಿತ್ತು. ಹ್ಯಾಸ್ಕೆಲ್ ಸಮುದಾಯದ ಆವೃತ್ತಿ ನೀತಿಯಾದ ಪಿವಿಪಿಯ ಪ್ರಕಾರ ಆವೃತ್ತಿಯ ಮೊದಲ ಎರಡು ಅಂಕಿಗಳು ಸೇರಿ ಮುಖ್ಯ ಆವೃತ್ತಿ. ಬಳಕೆದಾರರ ಕೋಡ್ ಮುರಿಯಬಹುದಾದ ಬದಲಾವಣೆಗೆ ಅದನ್ನು ಏರಿಸಬೇಕು. ಹೊಸದನ್ನು ಸೇರಿಸಿದರೆ ಮೂರನೆಯ ಅಂಕಿ ಏರುತ್ತದೆ.

ಮೂವರಲ್ಲಿ ಇಬ್ಬರು ಮೇಲ್ಮಿತಿ ಬರೆದಿದ್ದರು, ಅವರಿಗೆ ತೊಂದರೆಯಿಲ್ಲ. ಮೂರನೆಯವರ ಇತ್ತೀಚಿನ ಆವೃತ್ತಿಯಲ್ಲೂ ಮೇಲ್ಮಿತಿ ಇತ್ತು. ಆದರೆ ಹಳೆಯ ಆವೃತ್ತಿಗಳನ್ನೂ ಸೇರಿಸಿ ಕೇಳಿದಾಗ, ಅವರ ಮೊದಲ ಎರಡು ಆವೃತ್ತಿಗಳಲ್ಲಿ ಮಿತಿಯೇ ಇರಲಿಲ್ಲ. ಇಲ್ಲಿಯೇ ಹ್ಯಾಸ್ಕೆಲ್ಲಿನ ಒಂದು ಸೂಕ್ಷ್ಮ ಇರುವುದು. ಇತ್ತೀಚಿನ ಆವೃತ್ತಿ ನನ್ನ ಹೊಸ ಪ್ಯಾಕೇಜನ್ನು ಒಪ್ಪದಿದ್ದರೆ, ಸಾಲ್ವರ್ ಸೋಲೊಪ್ಪಿಕೊಳ್ಳದೆ ಹಿಂದಕ್ಕೆ ಹೋಗಿ, ಯಾವ ಮಿತಿಯನ್ನೂ ಹೇಳದ ಹಳೆಯ ಆವೃತ್ತಿಯನ್ನು ಹುಡುಕಿ ತೆಗೆದು, ಎರಡನ್ನೂ ಜೋಡಿಸಿಬಿಡುತ್ತದೆ. ಯೋಜನೆ ಕಾಗದದ ಮೇಲೆ ಸರಿಯಿರುತ್ತದೆ, ಕಟ್ಟುವಾಗ ಮುರಿಯುತ್ತದೆ. ದೂರು ಮಾತ್ರ ಯಾರೂ ವರ್ಷಗಳಿಂದ ಮುಟ್ಟದ ಆವೃತ್ತಿಯ ಮೇಲೆ ಬರುತ್ತದೆ. ಆದ್ದರಿಂದ ಹಿಮ್ಮುಖ ಲೆಕ್ಕದಲ್ಲಿ ಇತ್ತೀಚಿನ ಆವೃತ್ತಿಯನ್ನು ಮಾತ್ರ ನೋಡುವುದು ಅರ್ಧ ಕೆಲಸ. ಆ ಪಾಲಕರಿಗೆ ವಿಷಯ ತಿಳಿಸಿ ಬರೆದೆ. ಅವರು ಎರಡೂ ಹಳೆಯ ಆವೃತ್ತಿಗಳಿಗೆ ಪರಿಷ್ಕರಣೆಯ ಮೂಲಕ ಮೇಲ್ಮಿತಿ ಸೇರಿಸಿದ ಮೇಲೆಯೇ ನನ್ನ ಹೊಸ ಆವೃತ್ತಿಯನ್ನು ಪ್ರಕಟಿಸಿದೆ.

ದಿನದ ವರದಿಯನ್ನು ಸೌಮ್ಯಗೊಳಿಸಲು ಇನ್ನೂ ಒಂದು ವಾರ ಹಿಡಿಯಿತು. ಆರಂಭದಲ್ಲಿ ಪ್ರತಿ ಸಂಜೆ ಏಳಕ್ಕೆ ಮೂವತ್ತು-ನಲವತ್ತು ಸಾಲು ಬರುತ್ತಿದ್ದವು: ಯಾರದೋ ಪರೀಕ್ಷಾ ಭಾಗದ ಮಿತಿ ಬದಲಾಯಿತು, ಯಾರೋ ನಾಲ್ಕನೆಯ ಅಂಕಿ ಏರಿಸಿದರು. ಮೂರು ದಿನದಲ್ಲಿ ನಾನು ಓದುವುದನ್ನೇ ಬಿಟ್ಟೆ. ಈಗ ಸ್ಥಿತಿ ಬದಲಾದಾಗ ಮಾತ್ರ, ಅಂದರೆ ‘ತಡೆ’ ಇದ್ದದ್ದು ‘ಸರಿ’ ಆದಾಗ ಅಥವಾ ‘ಸರಿ’ ಇದ್ದದ್ದು ‘ತಡೆ’ ಆದಾಗ ಮಾತ್ರ ಒಂದು ಸಾಲು ಬರುತ್ತದೆ. ಬಹುತೇಕ ಸಂಜೆಗಳು ಖಾಲಿ. ವರದಿಯ ತಲೆಯಲ್ಲಿ ಸೂಚಿಯ ಕೊನೆಯ ನಮೂದಿನ ಸಮಯ ಇರುತ್ತದೆ. ಅದೇ ಸಮಯವನ್ನು ಪ್ರಾಜೆಕ್ಟ್ ಕಡತದ ‘ಇಂಡೆಕ್ಸ್-ಸ್ಟೇಟ್’ ಸಾಲಿನಲ್ಲಿ ಬರೆದರೆ, ತುಮಕೂರಿನ ನನ್ನ ಲ್ಯಾಪ್‌ಟಾಪೂ ತಿಪಟೂರಿನ ಯಂತ್ರವೂ ಕಿರ್ದಿಯನ್ನು ಒಂದೇ ಪುಟದವರೆಗೆ ಓದಿ ಒಂದೇ ಉತ್ತರಕ್ಕೆ ಬರುತ್ತವೆ.

‘ಅಲೌ-ನ್ಯೂಯರ್’ ಸಾಲುಗಳು ಒಂಬತ್ತರಿಂದ ಎರಡಕ್ಕೆ ಇಳಿದಿವೆ. ಮೂರಿದ್ದದ್ದು ಎರಡಾದದ್ದು ಕಳೆದ ಶನಿವಾರ. ತಿಪಟೂರಿನ ರೈಲಿನಲ್ಲಿ ಗುಬ್ಬಿ ದಾಟುವಾಗ ಫೋನಿನಲ್ಲಿ ಹಿಂದಿನ ಸಂಜೆಯ ವರದಿ ನೋಡಿದೆ, ಒಂದೇ ಸಾಲಿತ್ತು: ಎಂಟಿಎಲ್ ತಿದ್ದುಪಡಿ ಕಳಿಸಿದ್ದ ಆ ಪ್ಯಾಕೇಜಿನ ಹೊಸ ಆವೃತ್ತಿ ಬಂದಿದೆ, ‘ಸರಿ’. ಮಂಡಿಯಲ್ಲಿ ಕುಳಿತು ಆ ಸಾಲನ್ನೂ ನನ್ನ ತೇಪೆಯನ್ನೂ ಅಳಿಸಿ ಮತ್ತೆ ಕಟ್ಟಿ, ಒತ್ತಕ್ಷರದ ಹತ್ತು ಹೆಸರುಗಳ ಚೀಟಿಯನ್ನು ಮುದ್ರಿಸಿ ಭಾವನವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಹತ್ತನ್ನೂ ಗಟ್ಟಿಯಾಗಿ ಓದಿದರು.